ಅಪರಾಧವೂ ಮನಸ್ಸೂ

ಒಬ್ಬನನ್ನು ಅಪರಾಧಿಯೆಂದು ಕರೆಯಬೇಕಾದರೆ ಏನೇನು ಸಿದ್ಧವಾಗಬೇಕು? ಇಂಗ್ಲಿಷ್ ನ್ಯಾಯಶಾಸ್ತ್ರವು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ನಾವು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಆ ಶಾಸ್ತ್ರದಂತೆ ಅಪರಾಧಕ್ಕೆ ಎರಡು ಅಂಗಗಳುಂಟು. ಒಂದು, ಕಾನೂನು ನಿಷೇಧಿಸಿದ ಕೃತ್ಯ. ಇನ್ನೊಂದು, ಆ ಕೃತ್ಯದ ಹಿಂದಿರುವ ದೋಷಯುಕ್ತವಾದ ಮನಸ್ಸು. ಲ್ಯಾಟಿನ್ ಭಾಷೆಯಲ್ಲಿ ಇವಕ್ಕೆ ‘ಆಕ್ಟಸ್ ರೇಯಸ್’, ‘ಮೆನ್ಸ್ ರೇಯಾ’ ಎಂದು ಹೆಸರು. ನೆರೆಯವನ ಕೊಡೆಯನ್ನು ಕದಿಯಬೇಕೆಂದು ರಾತ್ರಿಯೆಲ್ಲ ಯೋಚಿಸಿ ಬೆಳಗ್ಗೆ ಸುಮ್ಮನಾದವನು ಕಳ್ಳನಲ್ಲ, ಅಲ್ಲಿ ಕೃತ್ಯವಿಲ್ಲ. ತನ್ನದೆಂದೇ ನಂಬಿ ಪರರ ಕೊಡೆಯನ್ನು ಎತ್ತಿಕೊಂಡು ಹೋದವನೂ ಕಳ್ಳನಲ್ಲ, ಅಲ್ಲಿ ಕಪಟವಿಲ್ಲ. ಎರಡೂ ಏಕಕಾಲದಲ್ಲಿ ಕೂಡಿದಾಗಲೇ ಅಪರಾಧ. ಮನಸ್ಸಿನ ವಿಚಾರವನ್ನೇ ಎತ್ತದೆ ದಂಡಿಸುವ ಕೆಲವು ಶಾಸನಗಳೂ ಉಂಟು. ಆದರೆ ಅವು ಅಪವಾದಗಳು.

ಕೃತ್ಯವು ಕಣ್ಣಿಗೆ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಹಾಗಾದರೆ ಅದನ್ನು ರುಜುವಾತುಪಡಿಸುವ ಹೊಣೆ ಯಾರದು? 1935ರಲ್ಲಿ ಒಬ್ಬ ತರುಣನ ಪ್ರಾಣವೇ ಈ ಪ್ರಶ್ನೆಯನ್ನು ಅವಲಂಬಿಸಿತ್ತು.

ರೆಜಿನಾಲ್ಡ್ ವುಲ್ಮಿಂಗ್ಟನ್ ಎಂಬಾತ 21 ವರ್ಷದ ಹೊಲಗೆಲಸದ ಆಳು. ತನ್ನನ್ನು ಬಿಟ್ಟು ತಾಯಿಯ ಬಳಿಗೆ ಹೋಗಿದ್ದ ಹೆಂಡತಿಯನ್ನು ಕಾಣಲು 1934ರ ಡಿಸೆಂಬರಿನಲ್ಲಿ ಹೋದಾಗ, ಅವನ ಬಂದೂಕಿನಿಂದ ಗುಂಡು ಹಾರಿ ಆಕೆ ಸತ್ತಳು. ಆಕೆ ಮರಳಿ ಬಾರದಿದ್ದರೆ ತಾನೇ ಸಾಯುವೆನೆಂದು ಹೆದರಿಸುವುದಕ್ಕಾಗಿ ಬಂದೂಕನ್ನು ಒಯ್ದಿದ್ದೆನೆಂದೂ ಗುಂಡು ಆಕಸ್ಮಿಕವಾಗಿ ಹಾರಿತೆಂದೂ ಅವನ ವಾದ. ಕೊಂದದ್ದು ಸಿದ್ಧವಾದ ಮೇಲೆ, ಅದು ಆಕಸ್ಮಿಕವೆಂದು ತೋರಿಸುವ ಹೊಣೆ ಅವನದೇ ಎಂದು ನ್ಯಾಯಾಧೀಶರು ಜೂರಿಯವರಿಗೆ ತಿಳಿಸಿದರು. ಗಲ್ಲಿನ ಶಿಕ್ಷೆಯಾಯಿತು. ಮೊದಲ ಅಪೀಲೂ ವಜಾ ಆಯಿತು.

ಕೊನೆಗೆ ಮೊಕದ್ದಮೆ ಲಾರ್ಡ್ಸ್ ಸಭೆಗೆ ಬಂದಿತು. ಅಲ್ಲಿ ಲಾರ್ಡ್ ಸ್ಯಾಂಕಿಯವರು ಕೆಳಗಿನ ತೀರ್ಪನ್ನು ತಲೆಕೆಳಗು ಮಾಡಿದರು. ಬುದ್ಧಿವಿಕಲತೆಯ ವಾದವನ್ನೂ ಶಾಸನಗಳು ವಿಧಿಸಿದ ಅಪವಾದಗಳನ್ನೂ ಬಿಟ್ಟರೆ, ಆಪಾದಿತನ ಅಪರಾಧವನ್ನು ಸಾಧಿಸುವ ಹೊಣೆ ಆಪಾದನೆ ತಂದವರದು. ಸಕಾರಣವಾದ ಸಂಶಯ ಉಳಿದರೆ ಅವನಿಗೆ ಬಿಡುಗಡೆ. ಈ ತತ್ತ್ವವನ್ನು ಅವರು ಇಂಗ್ಲಿಷ್ ದಂಡನೀತಿಯ ಉದ್ದಕ್ಕೂ ಹಾಯ್ದ ಚಿನ್ನದ ಎಳೆಗೆ ಹೋಲಿಸಿದರು. ವುಲ್ಮಿಂಗ್ಟನ್ ಬದುಕಿ ಹೊರಗೆ ಬಂದನು.

ಅವನು ಹೇಳಿದ್ದೆಲ್ಲ ದಿಟವೆಂದು ಆ ತೀರ್ಪು ಸಾರಲಿಲ್ಲ. ಅವನ ಮನಸ್ಸಿನಲ್ಲಿ ಕೊಲೆಯಿತ್ತೆಂಬುದು ಸರಿಯಾದ ಕ್ರಮದಲ್ಲಿ ಸಿದ್ಧವಾಗಲಿಲ್ಲ ಎಂದಷ್ಟೇ ಸಾರಿತು. ಈ ನಿಯಮದಿಂದ ಒಮ್ಮೊಮ್ಮೆ ನಿಜವಾದ ಪಾತಕಿಯೂ ತಪ್ಪಿಸಿಕೊಳ್ಳಬಹುದು. ಸತ್ತವರ ಬಂಧುಗಳಿಗೆ ಅದು ಸಣ್ಣ ನೋವಲ್ಲ. ಆದರೆ ತನ್ನ ಅಂತರಂಗವನ್ನು ಬಿಚ್ಚಿ ತೋರಿಸುವ ಶಕ್ತಿ ನಮ್ಮಲ್ಲಿ ಯಾರಿಗುಂಟು? ಅದನ್ನು ತೋರಿಸಲಾರದ ಮಾತ್ರಕ್ಕೆ ಯಾರೂ ನೇಣುಗಂಬವನ್ನು ಏರಬಾರದೆಂಬುದೇ ಈ ನಿಯಮದ ತಿರುಳು.