ಕಂಪನವೆಂಬ ಮಾತು

ಚಳಿಗೆ ಮೈ ನಡುಗುತ್ತದೆ. ಸಿಡಿಲಿಗೆ ಮನೆಯ ಗೋಡೆ ಅದುರುತ್ತದೆ. ಪರರ ದುಃಖಕ್ಕೆ ಮನಸ್ಸು ಮಿಡಿಯುತ್ತದೆ. ವೀಣೆಯ ತಂತಿಯನ್ನು ಮಿಡಿಯುವುದೂ ಅದೇ ಮಾತು, ನಾಡಿ ಮಿಡಿಯುವುದೂ ಅದೇ ಮಾತು. ಇಷ್ಟು ಮಾತುಗಳುಳ್ಳ ನಮ್ಮ ನುಡಿಯಲ್ಲಿ ಭೌತಶಾಸ್ತ್ರಜ್ಞರು ಸಂಸ್ಕೃತದ ಕಂಪನವನ್ನು ಆರಿಸಿಕೊಂಡು ಅದಕ್ಕೆ ಕಟ್ಟು ಹಾಕಿದರು. ಒಂದು ವಸ್ತುವು ತನ್ನ ನೆಲೆಯಿಂದ ಅತ್ತ ಸರಿದು, ಇತ್ತ ಸರಿದು, ಮರಳಿ ಮರಳಿ ಹಾಗೆಯೇ ಚಲಿಸಿದರೆ ಅದು ಕಂಪನ. ಅಲುಗುವುದು ಯಾವುದು, ಎಷ್ಟು ಅಲುಗಿತು, ಸೆಕೆಂಡಿಗೆ ಎಷ್ಟು ಸಲ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರಲೇಬೇಕು.

ಹಾಸನದ ಸೀಮೆಯವರಿಗೆ ತಂಬೂರಿಗಿಂತ ಹತ್ತಿರದ ಉದಾಹರಣೆ ಬೇರೆ ಬೇಡ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಸಂಗೀತ ವಿದ್ವಾಂಸರ ಊರೆಂದು ಹೆಸರಾದುದಷ್ಟೆ. ಸೆಕೆಂಡಿಗೆ 130 ಸಲ ಕಂಪಿಸುವ ತಂತಿಯೊಂದನ್ನು ನಟ್ಟನಡುವೆ ಮೀಟಿದರೆ, 260 ಸಲದ ಉಪಸ್ವರ ಹುಟ್ಟಬಾರದು; ಏಕೆಂದರೆ ಆ ಉಪಸ್ವರಕ್ಕೆ ತಂತಿಯ ನಡುಭಾಗ ನಿಶ್ಚಲವಾಗಿರಬೇಕು. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ತಂಬೂರಿ ಈ ನಿಯಮವನ್ನು ಲೆಕ್ಕಿಸುವುದಿಲ್ಲವೆಂದು ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ತೋರಿಸಿಕೊಟ್ಟರು. ಅದರ ಕುದುರೆಯ ಮೈ ಅಗಲವಾಗಿ, ತುಸು ಬಾಗಿದೆ. ತಂತಿಯ ಕೆಳಗೆ ಒಂದು ನೂಲೆಳೆಯನ್ನೂ ಸೇರಿಸಿರುತ್ತಾರೆ. ತಂತಿಯು ಕುದುರೆಯನ್ನು ಸೋಕಿ ಸೋಕಿ ಬಿಡುವುದರಿಂದ, ಇರಬಾರದ ಉಪಸ್ವರಗಳೂ ಗಟ್ಟಿಯಾಗಿ ಕೇಳುತ್ತವೆ. ಆ ನೂಲಿಗೆ ನಮ್ಮ ವಾದಕರು ಜೀವವೆಂದು ಹೆಸರಿಟ್ಟರು. ಇದಕ್ಕಿಂತ ಸೊಗಸಾದ ಪಾರಿಭಾಷಿಕ ಪದವನ್ನು ನಾನಂತೂ ಕೇಳಿಲ್ಲ.

ಇಂಥ ಊರಿನ ವಿಷಯದಲ್ಲಿ, ಅಲ್ಲಿಯ ಮಣ್ಣಿನಲ್ಲೇ ನಾದದ ಕಂಪನವಿದೆಯೆನ್ನುವವರುಂಟು. ಮೆಚ್ಚಿಕೆಯ ಮಾತಾಗಿ ಇದು ಚೆನ್ನ. ಮನಸ್ಸು ಮಿಡಿಯಿತೆಂದಾಗ ಯಾರೂ ಸೆಕೆಂಡಿನ ಲೆಕ್ಕ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಇದಕ್ಕೆ ಭೌತಶಾಸ್ತ್ರದ ಒಪ್ಪಿಗೆಯೂ ಉಂಟೆಂದು ಸೇರಿಸಿದರೆ ನಾನು ತಡೆಯಬೇಕಾಗುತ್ತದೆ. ಮಿಡಿದ ತಂತಿ ಕೆಲವು ಕ್ಷಣಗಳಲ್ಲಿ ತಣ್ಣಗಾಗುತ್ತದೆ. ಅದರ ಶಕ್ತಿ ಗಾಳಿಗೆ ಹಂಚಿಹೋಗಿ, ಕಡೆಗೆ ಶಾಖವಾಗಿ ಅಡಗುತ್ತದೆ. ನೂರು ವರ್ಷದ ಹಾಡನ್ನು ನೆಲವು ಕೂಡಿಟ್ಟುಕೊಂಡಿರುವುದಿಲ್ಲ. ಹಾಗೆ ನಂಬಿದರೆ, ಕಲಿಸಿದವರ ದುಡಿಮೆಯನ್ನು ಮಣ್ಣಿನ ಲೆಕ್ಕಕ್ಕೆ ಬರೆದಂತಾಗುತ್ತದೆ. ಕಂಪಿತವೆಂಬ ಗಮಕವನ್ನೇ ನೋಡಿ: ಸ್ವರದ ತೂಗಾಟವನ್ನು ಯಂತ್ರ ಎಣಿಸೀತು, ಆದರೆ ತೋಡಿಯ ಗಾಂಧಾರವನ್ನು ಎಷ್ಟು ತೂಗಬೇಕೆಂಬುದನ್ನು ಒಬ್ಬರ ಎದುರು ಕುಳಿತೇ ಕಲಿಯಬೇಕು. 1920ರಲ್ಲಿ ರುದ್ರಪಟ್ಟಣದಲ್ಲಿ ಹುಟ್ಟಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಮೊದಲು ತಂದೆ ಕೃಷ್ಣಶಾಸ್ತ್ರಿಗಳಿಂದ, ಬಳಿಕ ಪಿಟೀಲು ವಿದ್ವಾಂಸರಾದ ಅಣ್ಣ ವೆಂಕಟರಾಮಶಾಸ್ತ್ರಿಗಳಿಂದ ಕಲಿತರು.