ಸಪ್ತಪದಿಯಿಲ್ಲದ ಮದುವೆ ಮತ್ತು ಕಾನೂನು

ಮದುವೆ ಎಂದರೇನು ಎಂಬ ಕಾನೂನಿನ ಪ್ರಶ್ನೆ ಇತ್ತೀಚೆಗೆ ಬಹುಮಟ್ಟಿಗೆ ಸಲಿಂಗ ವಿವಾಹದ ಸುತ್ತ ಚರ್ಚೆಗೆ ಬಂದಿದ್ದು, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅದನ್ನು ಸಂಸತ್ತಿನ ವಿವೇಚನೆಗೆ ಬಿಟ್ಟಿತು. ಬೀದರ್ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೂ ಹಳೆಯ ಮುಖಗಳಿವೆ: ಯಾವ ಜಾತಿಯವರು ಯಾರನ್ನು ವರಿಸಬಹುದು, ಯಾವ ವಿಧಿ ನಡೆದರೆ ಮದುವೆ ಆದಂತೆ, ಧರ್ಮದ ಹೆಸರು ಬೇರೆಯಾದರೆ ಮದುವೆಯ ಕಾನೂನೂ ಬೇರೆಯಾಗಬೇಕೆ.

ಇದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅದಕ್ಕಾಗಿ ಬಿಜ್ಜಳನ ಆಡಳಿತ ಆ ತಂದೆಯರಿಬ್ಬರಿಗೂ ಮರಣದಂಡನೆ ವಿಧಿಸಿತೆಂದೂ ಶರಣ ಪರಂಪರೆ ಹೇಳುತ್ತದೆ. ಮೇಲಿನ ವರ್ಣದ ವಧು ಕೆಳಗಿನ ವರ್ಣದ ವರನನ್ನು ಕೂಡುವ ಇಂಥ ಸಂಬಂಧಕ್ಕೆ ಧರ್ಮಶಾಸ್ತ್ರಗಳು ಪ್ರತಿಲೋಮವೆಂದು ಹೆಸರಿಟ್ಟು ನಿಂದಿಸಿದ್ದವು. 1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯ್ದೆಯು ಜಾತಿಯನ್ನು ಷರತ್ತುಗಳಿಂದಲೇ ಕೈಬಿಟ್ಟಿತಲ್ಲದೆ, ಹಿಂದೆ ನಡೆದ ಮದುವೆಗಳೂ ಜಾತಿಭೇದವೊಂದರಿಂದಲೇ ಅಸಿಂಧುವಾಗವೆಂದು 29ನೇ ಕಲಮಿನಲ್ಲಿ ಹೇಳಿತು; ಆಗ ಬೀದರ್, ಭಾಲ್ಕಿ, ಔರಾದ್‌ಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದವು.

ಅದೇ ಕಾಯ್ದೆಯ 2ನೇ ಕಲಂ ವೀರಶೈವ ಮತ್ತು ಲಿಂಗಾಯತರನ್ನು ಹೆಸರಿಸಿಯೇ ಹಿಂದೂಗಳೊಳಗೆ ಎಣಿಸಿದೆ. 2017ರ ಜುಲೈ 19ರಂದು ಬೀದರ್ ನಗರದಲ್ಲಿ ನಡೆದ ಬೃಹತ್ ಸಮಾವೇಶವು ಲಿಂಗಾಯತಕ್ಕೆ ಸ್ವತಂತ್ರ ಧರ್ಮದ ಮಾನ್ಯತೆ ಕೇಳಿ, 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆ ಶಿಫಾರಸನ್ನು ಕೇಂದ್ರಕ್ಕೆ ಕಳುಹಿಸಿದ ಮೇಲೆ, ಮದುವೆಗಳ ಗತಿಯೇನು ಎಂಬ ಪ್ರಶ್ನೆ ಏಳುವುದು ಸಹಜವೇ ಆಗಿತ್ತು. ಆದರೆ ಈ ಆತಂಕಕ್ಕೆ ಹೆಚ್ಚಿನ ಆಧಾರವಿಲ್ಲ: ಬೌದ್ಧ, ಜೈನ, ಸಿಖ್ಖರು ಪ್ರತ್ಯೇಕ ಧರ್ಮದವರೆನಿಸಿಯೂ ಅದೇ ಕಲಮಿನ ಪ್ರಕಾರ ಇದೇ ಕಾಯ್ದೆಗೆ ಒಳಪಟ್ಟಿದ್ದಾರೆ.

ನಿಜವಾದ ತೊಡಕು 7ನೇ ಕಲಮಿನಲ್ಲಿದೆ. ವಧೂವರರಲ್ಲಿ ಯಾರಾದರೊಬ್ಬರ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು, ಆ ವಿಧಿಗಳಲ್ಲಿ ಸಪ್ತಪದಿ, ಅಂದರೆ ಅಗ್ನಿಯ ಮುಂದೆ ಜೊತೆಯಾಗಿ ಇಡುವ ಏಳು ಹೆಜ್ಜೆ, ಸೇರಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ ಎಂಬುದು ಅದರ ಸಾರ. ನಾಂದೇಡ್, ಲಾತೂರುಗಳೊಡನೆ ಬೀಗತನ ಬೆಳೆಸುವ ಔರಾದ್ ತಾಲೂಕಿನ ಕುಟುಂಬಗಳಿಗೆ ‘ಯಾರಾದರೊಬ್ಬರ’ ಎಂಬ ಮಾತು ಅನುಕೂಲವೇ ಸರಿ. ಭಾಲ್ಕಿಯ ಹಿರೇಮಠದಂಥ ಬಸವತತ್ತ್ವದ ಕೇಂದ್ರಗಳ ಪ್ರಭಾವವಿರುವಲ್ಲಿ ಅಗ್ನಿಯಿಲ್ಲದೆ, ವಚನ ಪಠಿಸಿ, ಹೂವೆರಚಿ ನಡೆಸುವ ಮದುವೆಗಳ ವಿಷಯ ಬೇರೆ. ಏಕೆಂದರೆ ಕಾಯ್ದೆಯ ಪ್ರಕಾರ ರೂಢಿ ಎನಿಸಿಕೊಳ್ಳಲು ಅದು ಬಹುಕಾಲದಿಂದ ಎಡೆಬಿಡದೆ, ಏಕರೀತಿಯಲ್ಲಿ ನಡೆದುಬಂದಿರಬೇಕು. ಹಳೆಯ ಅನ್ಯಾಯವನ್ನು ಬಿಡಲೆಂದೇ ಹುಟ್ಟಿದ ವಿಧಿಗೆ ಹಳೆತನದ ದಾಖಲೆ ಕೇಳುವುದು ವಿಚಿತ್ರವೇ.

ನೋಂದಣಿಯೊಂದರಿಂದಲೇ ಈ ಕೊರತೆ ತುಂಬದು. ವಿಧಿಯೇ ನಡೆಯದಿದ್ದರೆ ಪ್ರಮಾಣಪತ್ರದಿಂದ ಹಿಂದೂ ವಿವಾಹ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. 1954ರ ವಿಶೇಷ ವಿವಾಹ ಕಾಯ್ದೆ ಯಾವ ಧಾರ್ಮಿಕ ವಿಧಿಯನ್ನೂ ಕೇಳದೆ ಮೂವರು ಸಾಕ್ಷಿಗಳಿಂದ ತೃಪ್ತವಾಗುವುದಾದರೂ, 30 ದಿನಗಳ ಮುಂಚಿತ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತದೆ; ಎಲ್ಲರೂ ಎಲ್ಲರನ್ನೂ ಬಲ್ಲ ತಾಲೂಕು ಕೇಂದ್ರದಲ್ಲಿ ಮನೆಯವರನ್ನು ಎದುರುಹಾಕಿಕೊಂಡ ಜೋಡಿಗೆ ಅದು ಡಂಗುರ ಸಾರಿದಂತೆಯೇ.

ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹವನ್ನು ಮದ್ರಾಸ್ ಹೈಕೋರ್ಟ್ 1953ರಲ್ಲಿ ಒಪ್ಪಲಿಲ್ಲ; ಮುಂದೆ ಅಣ್ಣಾದೊರೈ ಸರ್ಕಾರವು ಹಿಂದೂ ವಿವಾಹ ಕಾಯ್ದೆಗೆ 7ಎ ಕಲಮನ್ನು ಸೇರಿಸಿ, ಬಂಧುಮಿತ್ರರ ಮುಂದೆ ಪರಸ್ಪರ ಘೋಷಿಸಿ ಹಾರ ಬದಲಿಸಿದರೂ ಸಾಕೆಂದಿತು. ವಿವಾಹವು ಕೇಂದ್ರ, ರಾಜ್ಯಗಳೆರಡೂ ಶಾಸನ ಮಾಡಬಹುದಾದ ಸಮವರ್ತಿ ಪಟ್ಟಿಯ ವಿಷಯವಾಗಿರುವುದರಿಂದ, ರಾಷ್ಟ್ರಪತಿಯ ಒಪ್ಪಿಗೆ ಪಡೆದು ಕರ್ನಾಟಕವೂ ಅಂಥ ಕಲಮನ್ನು ಸೇರಿಸಿಕೊಳ್ಳಬಹುದು. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಮದುವೆಗಳಿಗೂ ಅದರಿಂದ ನೇರವಾದ ಆಸರೆ ಸಿಗುತ್ತದೆ.