ಬೀಗ ಹಾಕಿದ ಪುಸ್ತಕ, ಬೀಗ ತೆಗೆದ ಪ್ರೆಸ್ಸು

(ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಇವತ್ತು ಇನ್ನೊಬ್ಬ ಪ್ರೆಸ್ಸಿನವರ ಕಥೆ ಹೇಳುತ್ತೇನೆ. ಅವರು ಹಿಂದಿಯವರು. ಮುಖ ಸಿಂಡರಿಸಬೇಡಿ, ಪೂರ್ತಿ ಕೇಳಿ.

ದೇವಕೀನಂದನ ಖತ್ರಿ (1861–1913) ಕಾಶಿಯಲ್ಲಿ ನೆಲೆಸಿದ್ದರು. ಚಕಿಯಾ, ನೌಗಢದ ಕಾಡಿನ ಗುತ್ತಿಗೆ ಹಿಡಿದು, ಅಲ್ಲಿನ ಪಾಳುಕೋಟೆಗಳಲ್ಲಿ ಅಲೆದರು. ಆ ಅಲೆದಾಟದಿಂದ 1888ರ ಸುಮಾರಿಗೆ ‘ಚಂದ್ರಕಾಂತಾ’ ಕಾದಂಬರಿ ಹುಟ್ಟಿತು. 1994ರಲ್ಲಿ ದೂರದರ್ಶನದ ಧಾರಾವಾಹಿಯಾಯಿತು. ಕ್ರೂರಸಿಂಗನ ‘ಯಕ್ಕೂ’ ನಿಮ್ಮ ಅಣ್ಣಂದಿರನ್ನು ಕೇಳಿ, ಹೇಳುತ್ತಾರೆ!

ವಿಜಯಗಢದ ರಾಜಕುಮಾರಿ, ನೌಗಢದ ರಾಜಕುಮಾರ. ನಡುವೆ ಮಂತ್ರಿಯ ಮಗ ಕ್ರೂರಸಿಂಗ. ಅವನಿಗೆ ಹುಡುಗಿಯೂ ಬೇಕು, ಗದ್ದುಗೆಯೂ ಬೇಕು. ವೇಷ ಮರೆಸುವ ಐಯಾರರು ಆಸ್ಥಾನದೊಳಗೇ ನುಸುಳುತ್ತಾರೆ. ಯಾರು ನಮ್ಮವರು, ಯಾರು ಹೊರಗಿನವರು ಎಂದು ತಿಳಿಯುವುದೇ ಇಲ್ಲ. ತಿಲಿಸ್ಮ್ ಎಂಬ ಮಾಯಾಕೋಟೆಯ ಗುಟ್ಟು ಒಂದು ಪುಸ್ತಕದಲ್ಲಿ ಅಡಗಿದೆ. ಮುಂದಿನ ‘ಚಂದ್ರಕಾಂತಾ ಸಂತತಿ’ಯ 24 ಭಾಗಗಳಲ್ಲಂತೂ ರಕ್ತದಲ್ಲಿ ಬರೆದ ಪುಸ್ತಕವೊಂದಕ್ಕಾಗಿ ಕಚ್ಚಾಟ, ಕಳವು.

ಕಥೆಯಲ್ಲಿ ಕಂಡವರು ಓದಬಾರದ ಪುಸ್ತಕ. ಆದರೆ ಅದನ್ನು ಬರೆದ ಖತ್ರಿಯವರು ಮಾಡಿದ್ದೇನು? 1898ರಲ್ಲಿ ಕಾಶಿಯಲ್ಲಿ ಲಹರಿ ಪ್ರೆಸ್ ತೆರೆದು, ತಮ್ಮ ಕಥೆಯನ್ನು ಕಂಡಕಂಡವರ ಕೈಗೆ ಇಟ್ಟರು!

ಆಗ ಅಲ್ಲಿನ ಕೋರ್ಟು ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ನಾಗರಿ ಲಿಪಿಗೆ ಸರ್ಕಾರದ ಅಪ್ಪಣೆ ಸಿಕ್ಕಿದ್ದು 1900ರಲ್ಲಿ. ಅದಕ್ಕೆ ಎಷ್ಟೋ ಮೊದಲೇ, ಈ ಕಥೆ ಓದುವ ಆಸೆಗೆ ಬಿದ್ದು ಉರ್ದು ಬಲ್ಲವರೂ ಹಿಂದಿ ಕಲಿತರೆಂದು ಆ ಸಾಹಿತ್ಯದ ಚರಿತ್ರೆಕಾರರೇ ಬರೆದಿದ್ದಾರೆ. ಅಪ್ಪಣೆಗೆ ಮೊದಲೇ ಓದುಗ ಹುಟ್ಟಿದ್ದ. ಇವತ್ತು ಹಿಂದಿ ಹೇರುವವರು ಈ ಪಾಠವನ್ನು ಮರೆತಿದ್ದಾರೆ. ನಾವು ಮರೆಯಬಾರದು.

ನಮ್ಮ ಗಳಗನಾಥರೂ ರಾಜರ ಕಾಲದ ಕಾದಂಬರಿ ಬರೆದು, ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡಕ್ಕೆ ಓದುಗರು ಸಿಕ್ಕಿದ್ದು ಹಾಗೆ.

ಈಗ ನನ್ನ ಪ್ರೆಸ್ಸಿಗೆ ಬನ್ನಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ನಮ್ಮದೇ ಹೋರಾಟದ ಕರಪತ್ರ. ಕಾದಂಬರಿಯೊಂದು ಮಿಷನ್ ಹತ್ತಿ ವರ್ಷಗಳಾದವು. ಅಂಗಡಿ ಬೋರ್ಡು ಕನ್ನಡವಾಗಲಿ ಎಂದು ನೀವು ಬೀದಿಗಿಳಿದಾಗ ನಾನೂ ಜೊತೆಗಿದ್ದೆ, ಮುಂದೆಯೂ ಇರುತ್ತೇನೆ. ಆದರೆ ಕೇಳುತ್ತೇನೆ, ನಿಮ್ಮ ಚೀಲದಲ್ಲಿ ಕನ್ನಡದ ಕಥೆಪುಸ್ತಕ ಎಷ್ಟಿವೆ? ರಾಜ, ಮಂತ್ರಿ, ಮಾಟದ ಕಥೆ ಬೇಕೆಂದರೆ ಇಂಗ್ಲಿಷಿನದನ್ನೇ ಹುಡುಕುತ್ತೀರಲ್ಲವೇ?

ನಮ್ಮ ಪುಸ್ತಕಕ್ಕೆ ಯಾವ ರಾಜನೂ ಬೀಗ ಹಾಕಿಲ್ಲ. ನಾವು ತೆರೆಯುತ್ತಿಲ್ಲ, ಅಷ್ಟೇ. ಓದಿ. ನಿದ್ದೆಗೆಡಿಸುವಂಥದ್ದನ್ನು ಬರೆದು ತನ್ನಿ. ಮೊದಲ ಫಾರಂ ನನ್ನ ಖರ್ಚಿನಲ್ಲಿ ಅಚ್ಚಾಗಲಿ.